ತೊಡೆ ಹಿಡಿದು ಏಳುವ ಹುಡುಗ ಸೋಮಾರಿಯಲ್ಲ

ನಿಮ್ಮ ಮನೆಯಲ್ಲಿ ನಾಲ್ಕೈದು ವರ್ಷದ ಗಂಡು ಮಗುವಿದ್ದರೆ, ಅದು ನೆಲದಿಂದ ಹೇಗೆ ಏಳುತ್ತದೆಂದು ಒಮ್ಮೆ ಗಮನಿಸಿ. ಆರೋಗ್ಯವಂತ ಮಗು ಚಂಗನೆ ಎದ್ದು ಓಡುತ್ತದೆ. ಕೆಲವು ಹುಡುಗರು ಮಾತ್ರ ಬೋರಲಾಗಿ, ನೆಲಕ್ಕೆ ಕೈಯೂರಿ, ಬಳಿಕ ಮೊಣಕಾಲು, ತೊಡೆಗಳ ಮೇಲೆ ಒಂದೊಂದೇ ಕೈಯಿಟ್ಟು, ತಮ್ಮ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಾರೆ. ಇಂಗ್ಲೆಂಡಿನ ವೈದ್ಯ ಗವರ್ಸ್ ಈ ಲಕ್ಷಣವನ್ನು 1879ರಲ್ಲೇ ವಿವರಿಸಿದ್ದರು.

ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ಇಂಥ ಹುಡುಗನೊಬ್ಬನನ್ನು ತಾಯಿ ಕರೆತಂದಿದ್ದರು. 'ಪದೇ ಪದೇ ಬೀಳ್ತಾನೆ ಡಾಕ್ಟ್ರೇ, ಮೆಟ್ಟಿಲು ಹತ್ತೋಕೆ ಸೋಮಾರಿತನ' ಎಂದರು. ಅವನ ಮೀನಖಂಡಗಳು ಪೈಲ್ವಾನನಂತೆ ದಪ್ಪಗಿದ್ದವು. ಮಗು ಗಟ್ಟಿಮುಟ್ಟಾಗಿದೆ ಎಂದು ಧೈರ್ಯ ಹೇಳಿ ಟಾನಿಕ್ ಬರೆದುಕೊಟ್ಟೆ. ಮೂರು ವರ್ಷದ ನಂತರ ಬಂದಾಗ ಹುಡುಗ ಗೋಡೆ ಹಿಡಿದು ನಡೆಯುತ್ತಿದ್ದ. ತಾಯಿಯ ಕಂಕುಳಲ್ಲಿ ಪುಟ್ಟ ತಮ್ಮನಿದ್ದ. ಪರೀಕ್ಷೆ ಮಾಡಿಸಿದರೆ ಇಬ್ಬರಿಗೂ ಅದೇ ಕಾಯಿಲೆ. ಆ ಟಾನಿಕ್ ಚೀಟಿ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇದು ಡುಶೆನ್ ಸ್ನಾಯುಕ್ಷಯ. ಹುಟ್ಟುವ ಸುಮಾರು ಐದು ಸಾವಿರ ಗಂಡು ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಸ್ನಾಯುಕೋಶದ ಪೊರೆಯನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇವರಲ್ಲಿ ತಯಾರಾಗುವುದಿಲ್ಲ. ಹಾಗಾಗಿ ಕೋಶಗಳು ಹರಿದು ನಾಶವಾಗಿ, ಆ ಜಾಗದಲ್ಲಿ ಕೊಬ್ಬು, ನಾರು ತುಂಬುತ್ತವೆ. ಮೀನಖಂಡದ ಆ ದಪ್ಪ ಬಲದ ಗುರುತಲ್ಲ. ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ 12 ವರ್ಷದೊಳಗೆ ನಡಿಗೆ ನಿಲ್ಲುತ್ತದೆ. ಮುಂದೆ ಹೃದಯ, ಶ್ವಾಸದ ಸ್ನಾಯುಗಳೂ ದುರ್ಬಲವಾಗುತ್ತವೆ.

ಸುಳಿವು ಸಿಗಲು ದೊಡ್ಡ ಯಂತ್ರ ಬೇಕಿಲ್ಲ. ಸಿ.ಪಿ.ಕೆ. ಎಂಬ ಸಾಮಾನ್ಯ ರಕ್ತಪರೀಕ್ಷೆ ಸಾಕು. ಈ ಹುಡುಗರಲ್ಲಿ ಅದು ಹತ್ತಾರು ಪಟ್ಟು ಏರಿರುತ್ತದೆ. ಎಸ್.ಜಿ.ಪಿ.ಟಿ. ಸಹ ಏರುವುದರಿಂದ ಯಕೃತ್ತಿನ ತೊಂದರೆಯೆಂದು ದಾರಿ ತಪ್ಪುವುದುಂಟು. ವಂಶವಾಹಿ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ.

'ಗುಣವಾಗದ ಕಾಯಿಲೆಯನ್ನು ಬೇಗ ಪತ್ತೆಹಚ್ಚಿ ಏನು ಪ್ರಯೋಜನ?' ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ತಪ್ಪು. ತಜ್ಞರ ನಿಗಾದಲ್ಲಿ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ಮಗು ನಡೆಯುವ ಕಾಲವನ್ನು ವಿಸ್ತರಿಸುತ್ತವೆ. ಹೃದಯದ ಔಷಧಿ, ಉಸಿರಾಟದ ಯಂತ್ರದ ನೆರವಿನಿಂದ ಇಂದು ಹಲವರು ಮೂವತ್ತರ ಗಡಿ ದಾಟುತ್ತಿದ್ದಾರೆ. 'ಶಕ್ತಿ ಬರಲಿ' ಎಂದು ಕಠಿಣ ಕಸರತ್ತು ಮಾಡಿಸಿ ಸ್ನಾಯುಗಳಿಗೆ ಇನ್ನಷ್ಟು ಹಾನಿ ಮಾಡುವುದೂ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ತಾಯಿ ಮತ್ತೆ ಗರ್ಭಿಣಿಯಾಗುವ ಮೊದಲೇ ವಿಷಯ ತಿಳಿದಿರುತ್ತದೆ. ಈ ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿ ವಾಹಕಳಾಗಿದ್ದರೆ ಹುಟ್ಟುವ ಪ್ರತಿ ಗಂಡು ಮಗುವಿಗೂ ರೋಗ ಬರುವ ಸಾಧ್ಯತೆ ಶೇ. 50. ಪ್ರತಿ ಹೆಣ್ಣು ಮಗು ವಾಹಕಳಾಗುವ ಸಾಧ್ಯತೆಯೂ ಅಷ್ಟೇ. ಆಕೆಯ ಅಕ್ಕತಂಗಿಯರೂ ಸಲಹೆ ಪಡೆಯಬೇಕು. ಮುಂದಿನ ಗರ್ಭದಲ್ಲಿ ರೋಗವಿದೆಯೇ ಎಂದು ನೋಂದಾಯಿತ ಕೇಂದ್ರಗಳಲ್ಲಿ ಮೊದಲ ತಿಂಗಳುಗಳಲ್ಲೇ ತಿಳಿಯಬಹುದು. ನಿರ್ಧಾರ ದಂಪತಿಗಳದು, ಆದರೆ ಮಾಹಿತಿ ಅವರ ಕೈಯಲ್ಲಿರಬೇಕು.

ಇಷ್ಟು ಹೇಳಿದೊಡನೆ ಅತ್ತೆಮನೆಯವರು ಸೊಸೆಯತ್ತ ಬೆರಳು ತೋರುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ಈ ದೋಷ ಹೊಸದಾಗಿ ಉಂಟಾಗುತ್ತದೆ. ತಾಯಿ ವಾಹಕಳೇ ಆಗಿರುವುದಿಲ್ಲ. ವಾಹಕಳಾಗಿದ್ದರೂ ಅದು ಆಕೆ ಆರಿಸಿಕೊಂಡದ್ದಲ್ಲ. ಸೋದರಸಂಬಂಧದ ಮದುವೆಯೂ, ಗ್ರಹಣದಲ್ಲಿ ಹೊರಗೆ ಬಂದದ್ದೂ ಈ ರೋಗಕ್ಕೆ ಕಾರಣವಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸ್ನಾಯುಕ್ಷಯವನ್ನು ಅಂಗವೈಕಲ್ಯವೆಂದು ಗುರುತಿಸಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಿ, ಶಾಲೆ ಬಿಡಿಸಬೇಡಿ.

ಮಗ ಪದೇ ಪದೇ ಬೀಳುತ್ತಿದ್ದರೆ, ತೊಡೆ ಹಿಡಿದು ಏಳುತ್ತಿದ್ದರೆ, ಗದರಬೇಡಿ. ನಿಮ್ಮ ವೈದ್ಯರು ಟಾನಿಕ್ ಬರೆಯಲು ಹೊರಟರೆ, 'ಸಿ.ಪಿ.ಕೆ. ಮಾಡಿಸೋಣವೇ ಡಾಕ್ಟ್ರೇ?' ಎಂದು ಸಂಕೋಚವಿಲ್ಲದೆ ಕೇಳಿ. ಅಂದು ಆ ತಾಯಿ ನನ್ನನ್ನು ಹಾಗೆ ಕೇಳಿದ್ದರೆ ನಾನು ಬೇಸರಿಸುತ್ತಿರಲಿಲ್ಲ.