ಸ್ವಂತ ಹಾಡಿಗೂ ಅರ್ಧ ಗಂಟೆ ಕೊಡಿ

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಗಣೇಶೋತ್ಸವದಲ್ಲಿ ಕಂಡ ದೃಶ್ಯ ಇನ್ನೂ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಗಿಟಾರ್, ಕೀಬೋರ್ಡ್, ಡ್ರಮ್ಸ್ ಹಿಡಿದ ನಾಲ್ವರು ಯುವಕರು ಎರಡು ಗಂಟೆ ಕಾಲ ಸಿನಿಮಾ ಗೀತೆಗಳನ್ನು ಹಾಡಿ ಚಪ್ಪಾಳೆ ಗಿಟ್ಟಿಸಿದರು. ಕೊನೆಗೆ, ತಾವೇ ಬರೆದು ರಾಗ ಹಾಕಿದ್ದೆಂದು ಸಂಕೋಚದಿಂದ ಹೇಳಿ ಇನ್ನೊಂದು ಹಾಡು ಎತ್ತಿಕೊಂಡರು. ಅಡಿಕೆಗೆ ಬಂದ ಕೊಳೆರೋಗ, ಊರು ಬಿಟ್ಟ ಮಗ- ಇವು ಆ ಹಾಡಿನ ವಸ್ತು. ಮೊದಲ ಚರಣ ಮುಗಿಯುವ ಮುನ್ನವೇ ಸಂಘಟಕರೊಬ್ಬರು ವೇದಿಕೆಯ ಅಂಚಿಗೆ ಬಂದು ಕೈಸನ್ನೆ ಮಾಡಿದರು. ಹಾಡು ಅರ್ಧಕ್ಕೇ ನಿಂತಿತು. ಸಭೆಯಲ್ಲಿದ್ದ ಯಾರೂ ಆಕ್ಷೇಪಿಸಲಿಲ್ಲ, ನಾನೂ ಸುಮ್ಮನಿದ್ದೆ.

ಹೊಸ ಹಾಡನ್ನು ಕನ್ನಡಿಗರು ಕೇಳುವುದಿಲ್ಲ ಎಂಬುದು ನಿಜವೇ? 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದಾಗ ಸಿನಿಮಾದ ಹಂಗಿಲ್ಲದ ಭಾವಗೀತೆಗಳು ಮನೆಮನೆ ತಲುಪಿದವು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಹರಿದುಬಂತು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ವಪದಕ್ಕೆ ಗಿಟಾರಿನ ಜೊತೆ ಕೊಟ್ಟು, ಅದನ್ನು ವಿದೇಶದ ವೇದಿಕೆಗಳಿಗೂ ಒಯ್ದರು. 'ಸ್ವರಾತ್ಮ' ತಂಡ 2009 ಮತ್ತು 2012ರಲ್ಲಿ ತನ್ನವೇ ಹಾಡುಗಳ ಆಲ್ಬಂಗಳನ್ನು ಹೊರತಂದಿತು. ಆದರೆ ಇಂಥ ತಂಡಗಳಿಗೆ ನೆಲೆ ಸಿಕ್ಕಿದ್ದು ಮಹಾನಗರದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರೇಕೆ ಹಾಡುವುದಕ್ಕೂ ಬೆಂಗಳೂರಿನ ಬಸ್ಸು ಹತ್ತಬೇಕು?

ವಿಪರ್ಯಾಸವೆಂದರೆ, ಕಲೆಯನ್ನು ಊರೂರಿಗೆ ಒಯ್ಯುವ ವಿದ್ಯೆಯನ್ನು ನಾಡಿಗೆ ಕಲಿಸಿಕೊಟ್ಟದ್ದೇ ಈ ಸೀಮೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್, 1985ರಿಂದ 'ತಿರುಗಾಟ'ದ ಮೂಲಕ ಗಂಭೀರ ನಾಟಕಗಳನ್ನು ಸಣ್ಣ ಊರುಗಳಿಗೆ ಮುಟ್ಟಿಸಿತು. ಯಕ್ಷಗಾನ ಮೇಳಗಳಂತೂ ಮಳೆಗಾಲ ಕಳೆದೊಡನೆ ಗೆಜ್ಜೆ ಕಟ್ಟಿ ಹೊರಡುತ್ತವೆ. ರಾತ್ರಿಯಿಡೀ ಭಾಗವತಿಕೆ ಕೇಳಿ, ಪದ್ಯ ಎಲ್ಲಿ ಎಡವಿತೆಂದು ಮರುದಿನ ಚರ್ಚಿಸುವ ಪ್ರೇಕ್ಷಕರು ನಮ್ಮವರು. ಇಂಥವರಿಗೆ ಹೊಸ ಹಾಡು ಅರ್ಥವಾಗದೆಂಬುದು ಅವರಿಗೆ ಮಾಡುವ ಅವಮಾನ.

ಈಗ ಮನೆಯಲ್ಲೇ ಹಾಡು ಮುದ್ರಿಸಿ ಅಂತರ್ಜಾಲಕ್ಕೆ ಏರಿಸಬಹುದಲ್ಲ, ವೇದಿಕೆಯ ಹಂಗೇಕೆ ಎಂದು ಕೆಲವರು ಕೇಳಬಹುದು. ಹಾಡು ಬಿಡುಗಡೆ ಮಾಡುವುದು ಸುಲಭವಾಗಿದೆ, ಬದುಕುವುದು ಸುಲಭವಾಗಿಲ್ಲ. ಗೀತರಚನಕಾರರ ಹಾಗೂ ಸಂಯೋಜಕರ ರಾಯಧನದ ಹಕ್ಕನ್ನು 2012ರ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿ ಬಲಪಡಿಸಿತು, ನಿಜ. ಆದರೆ ಹೆಸರಿಲ್ಲದ ತಂಡದ ಕೈಗೆ ಮೊದಲು ಕಾಸು ಬರುವುದು ವೇದಿಕೆಯ ಸಂಭಾವನೆಯಿಂದಲೇ. ಯಾವ ಸಾಲಿಗೆ ಜನ ತಲೆದೂಗಿದರು, ಎಲ್ಲಿ ಎದ್ದು ಹೋದರು ಎಂಬ ಪಾಠವೂ ಅಲ್ಲಿ ಮಾತ್ರ ಸಿಗುತ್ತದೆ.

ಸಂಘಟಕರ ಕಷ್ಟ ನನಗೆ ತಿಳಿಯದ್ದಲ್ಲ. ಚಂದಾ ಕೊಟ್ಟವರು ರಸಮಂಜರಿ ಕೇಳುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ವಿಶೇಷ ಅನುಮತಿಯಿದ್ದರೂ ಮಧ್ಯರಾತ್ರಿಯವರೆಗಷ್ಟೇ. ಆದ್ದರಿಂದಲೇ ನಾನು ಇಡೀ ರಾತ್ರಿ ಕೇಳುತ್ತಿಲ್ಲ. ಗಣೇಶೋತ್ಸವ, ಜಾತ್ರೆ, ರಾಜ್ಯೋತ್ಸವ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ಅರ್ಧ ಗಂಟೆಯನ್ನು ಸ್ಥಳೀಯರ ಸ್ವಂತ ರಚನೆಗೆ ಮೀಸಲಿಡಿ. ಅದನ್ನು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಆ ಅರ್ಧ ಗಂಟೆಗೂ ಸಂಭಾವನೆ ಕೊಡಿ. ಎಲ್ಲ ಹಾಡೂ ಚೆನ್ನಾಗಿರಲಾರದು. ತಂಡಗಳೂ ಡ್ರಮ್ಸ್ ಅಬ್ಬರದಲ್ಲಿ ಮಾತು ಮುಳುಗದಂತೆ ನೋಡಿಕೊಳ್ಳಬೇಕು. ಆದರೆ ಕೆಟ್ಟ ಹಾಡು ಹಾಡಲು ಅವಕಾಶವಿಲ್ಲದ ಊರಿನಲ್ಲಿ ಒಳ್ಳೆಯ ಹಾಡೂ ಹುಟ್ಟುವುದಿಲ್ಲ.

ಆ ನಾಲ್ವರು ಮುಂದಿನ ಚೌತಿಗೆ ಮತ್ತೆ ಬರಬಹುದು. ಅವರ ಹಾಡಿನ ಎರಡನೆಯ ಚರಣದಲ್ಲಿ ಏನಿತ್ತೆಂಬುದು ನನಗೆ ಗೊತ್ತಾಗಬೇಕಿದೆ. ಕೈಸನ್ನೆ ಮಾಡಲು ಈ ಸಲವೂ ಯಾರಾದರೂ ಎದ್ದರೆ, ನಾನು ಸುಮ್ಮನೆ ಕೂರುವುದಿಲ್ಲ.