ವಸತಿಗೃಹದ ನಿವಾಸಿಗಳಿಗೂ ಮಾತಿರಲಿ

ಅಂಗವಿಕಲರು ಕೂಡಿ ವಾಸಿಸುವ ವಸತಿಗೃಹಗಳ ವಿಚಾರಣೆ ನಡೆದಾಗಲೆಲ್ಲ ಕಟ್ಟಡ, ಊಟ, ಶುಶ್ರೂಷೆ, ಲೆಕ್ಕಪತ್ರಗಳು ಪರಿಶೀಲನೆಗೆ ಬರುತ್ತವೆ. ಅಲ್ಲಿ ಬಾಳುವವರ ಅಭಿಪ್ರಾಯವೇನೆಂದು ಕೇಳುವವರು ಮಾತ್ರ ವಿರಳ. ಈ ಲೋಪವು ಅಲ್ಪವಾದುದಲ್ಲ.

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಲೆನರ್ಡ್ ಚೆಷೈರ್ ಅವರು 1948ರಲ್ಲಿ ಆರಂಭಿಸಿದ ಲೆ ಕೋರ್ಟ್ ಎಂಬ ಗೃಹದ ಇತಿಹಾಸವು ಇಲ್ಲಿ ಸ್ಮರಣೀಯವಾಗಿದೆ. ಸ್ಥಾಪಕರ ಸದುದ್ದೇಶದಲ್ಲಿ ಸಂದೇಹವಿಲ್ಲ. ಆದರೂ ಮಲಗುವ ವೇಳೆ, ಹೊರಗೆ ಹೋಗಿಬರುವ ಸ್ವಾತಂತ್ರ್ಯ ಮುಂತಾದ ನಿತ್ಯದ ಸಂಗತಿಗಳಿಗಾಗಿಯೇ ನಿವಾಸಿಗಳು ಹೋರಾಡಬೇಕಾಯಿತು; ಆಡಳಿತದಲ್ಲಿ ತಮಗೂ ಪಾಲು ಬೇಕೆಂದು ಅವರು ಕೇಳಿದರು. ಅಲ್ಲಿ ವಾಸವಾಗಿದ್ದ ಪಾಲ್ ಹಂಟ್ ಅವರು 1972ರ ಸೆಪ್ಟೆಂಬರಿನಲ್ಲಿ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದು, ಇಂತಹ ಗೃಹಗಳಲ್ಲಿರುವವರ ಅಭಿಪ್ರಾಯವನ್ನು ದೇಶದ ಮುಂದಿಡುವ ಸಂಘವೊಂದು ಬೇಕೆಂದು ಕರೆಕೊಟ್ಟರು. ಆ ಕರೆಯಿಂದ ಹುಟ್ಟಿದ ಒಕ್ಕೂಟವು ಅಂಗವಿಕಲರ ಪ್ರಶ್ನೆಯನ್ನು ದಯೆಯ ಕ್ಷೇತ್ರದಿಂದ ಹಕ್ಕಿನ ಕ್ಷೇತ್ರಕ್ಕೆ ತಂದಿತು.

ಒಬ್ಬೊಬ್ಬರೂ ದೂರು ಕೊಡಬಹುದಲ್ಲವೇ ಎಂದು ಕೆಲವರು ಕೇಳಬಹುದು. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ಕೈಯ ಮೇಲೆಯೇ ದೂರು ಹೇಳುವುದು ಎಷ್ಟು ಕಷ್ಟವೆಂಬುದನ್ನು ಅವರು ಯೋಚಿಸಲಿ. ಒಬ್ಬನ ದೂರು ಹಟವೆನ್ನಿಸಿಕೊಳ್ಳುತ್ತದೆ. ಹತ್ತು ಜನರ ನಿರ್ಣಯಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಮಾತನಾಡಲಾರದವರು ಇದ್ದಾರೆಂಬ ಆಕ್ಷೇಪಣೆಯೂ ನಿಲ್ಲತಕ್ಕದ್ದಲ್ಲ. ಅವರ ಇಂಗಿತವನ್ನು ಅರಿತ, ಅವರೇ ಒಪ್ಪಿದ ಸಹಾಯಕರು ಸಭೆಯಲ್ಲಿ ಜೊತೆಗಿರಬಹುದು.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅಂಗೀಕರಿಸಿತು. ಎಲ್ಲಿ, ಯಾರೊಡನೆ ವಾಸಿಸಬೇಕೆಂಬ ಆಯ್ಕೆಯು ಅಂಗವಿಕಲರದೇ ಎಂದು ಅದರ 19ನೆಯ ವಿಧಿಯು ಸಾರುತ್ತದೆ. ಸಮಾಜದ ನಡುವೆ ಬಾಳುವ ಹಕ್ಕನ್ನು ನಮ್ಮ 2016ರ ಕಾಯಿದೆಯ 5ನೆಯ ಪ್ರಕರಣವು ಮನ್ನಿಸಿದೆ. ಅದೇ ಕಾಯಿದೆಯ ಪ್ರಕಾರ ಅಂಗವಿಕಲರ ಸಂಸ್ಥೆಗಳು ನೋಂದಣಿ ಪಡೆಯಬೇಕು. ಈ ನೋಂದಣಿಯೇ ಸುಧಾರಣೆಗೆ ದ್ವಾರವಾಗಬಲ್ಲದು.

ನಮ್ಮ ಸೂಚನೆಗಳು ಇಷ್ಟೆ. ಪ್ರತಿ ಗೃಹದಲ್ಲೂ ನಿವಾಸಿಗಳ ಸಭೆಯಿರಲಿ. ತಿಂಗಳಿಗೊಮ್ಮೆ, ನೌಕರರ ಗೈರುಹಾಜರಿಯಲ್ಲಿ, ಅದು ಸೇರಲಿ. ಆಡಳಿತ ಮಂಡಲಿಯಲ್ಲಿ ಸಭೆಯು ಚುನಾಯಿಸಿದ ಇಬ್ಬರಿಗಾದರೂ ಮತಾಧಿಕಾರ ಸಹಿತ ಸ್ಥಾನವಿರಲಿ. ಸಭೆಯ ನಿರ್ಣಯಗಳಿಗೆ ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಬರಲಿ. ದೂರು ಹೇಳಿದ ಕಾರಣಕ್ಕೆ ಯಾರನ್ನೂ ಹೊರಹಾಕಕೂಡದು. ಇವನ್ನು ನೋಂದಣಿಯ ಷರತ್ತುಗಳಲ್ಲಿ ಸೇರಿಸಲು ಸರಕಾರಕ್ಕೆ ದೊಡ್ಡ ವೆಚ್ಚವೇನೂ ತಗಲದು. ತನಿಖೆಗೆ ಹೋಗುವ ಅಧಿಕಾರಿಗಳು ಲೆಕ್ಕದ ಪುಸ್ತಕವನ್ನು ತೆರೆಯುವ ಮೊದಲು ನಿವಾಸಿಗಳ ಸಭೆಯ ನಡವಳಿ ಪುಸ್ತಕವನ್ನು ತರಿಸಿ ಓದಬೇಕೆಂದು ನಾವು ಒತ್ತಾಯಪಡಿಸುತ್ತೇವೆ.