ಉಡುಗೊರೆಯ ಹಿಂದೆ ಬರುವ ಖರ್ಚು

ಮಗನ ಓದಿನ ಬಗ್ಗೆ ವಿಚಾರಿಸಲು ಬಂದಿದ್ದ ತಾಯಿಯೊಬ್ಬರು ಹೊರಡುವ ಮುಂಚೆ ಕೇಳಿದರು: "ಉಸ್ತಾದರೇ, ದುಬೈಯಲ್ಲಿರುವ ನನ್ನ ತಮ್ಮ ಮಗನಿಗೆ ಪ್ಲೇಸ್ಟೇಷನ್ ವಿ.ಆರ್. 2 ತರುತ್ತಾನಂತೆ. ಮನೆಯಲ್ಲಿ ಪ್ಲೇಸ್ಟೇಷನ್ 4 ಇದೆ. ಅದು ಸಾಲದು, ಹೊಸ ಮೆಷಿನ್ ಬೇಕು ಎಂದು ಮಗ ಹಟ ಹಿಡಿದಿದ್ದಾನೆ. ಸುಳ್ಳು ಹೇಳಬೇಡ ಎಂದು ಗದರಿಸಿದೆ. ನಿಜವೇನು?"

ಹುಡುಗ ಹೇಳಿದ್ದು ನಿಜ.

ವಿ.ಆರ್. ಎಂದರೆ ಕಣ್ಣನ್ನು ಪೂರ್ತಿ ಮುಚ್ಚುವಂತೆ ತಲೆಗೆ ಕಟ್ಟಿಕೊಳ್ಳುವ ಸಾಧನ. ಎರಡು ಕಣ್ಣುಗಳಿಗೂ ಬೇರೆ ಬೇರೆ ಚಿತ್ರ ತೋರಿಸುವುದರಿಂದ ಆಟದೊಳಗೇ ನಿಂತಂತೆ ಭಾಸವಾಗುತ್ತದೆ. ಸೋನಿ ಕಂಪೆನಿ 2016ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 4ಕ್ಕಾಗಿ ಮೊದಲನೆಯದನ್ನು ತಂದಾಗ ಅಮೆರಿಕದಲ್ಲಿ ಅದರ ಬೆಲೆ 399 ಡಾಲರ್. ಅದರ ಜೊತೆಗೆ ಬೇಕಾಗುವ ಕ್ಯಾಮರಾಕ್ಕೆ ಬೇರೆ ಹಣ. 2023ರ ಫೆಬ್ರವರಿಯಲ್ಲಿ ಎರಡನೆಯದು ಬಂತು. ಬೆಲೆ ಸುಮಾರು 550 ಡಾಲರ್. ಆಗ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5ರ ಬೆಲೆಯೇ 500 ಡಾಲರ್. 2025ರ ಮಾರ್ಚ್‌ನಲ್ಲಿ ಹೆಡ್‌ಸೆಟ್ಟಿನ ಬೆಲೆಯನ್ನು 400 ಡಾಲರಿಗೆ ಇಳಿಸಿದರು. ಆದರೆ ಬೆಲೆ ಇಳಿದರೂ ಅದು ಪ್ಲೇಸ್ಟೇಷನ್ 4ಕ್ಕೆ ಹೊಂದುವುದಿಲ್ಲ.

ಯಾಕೆ? ಮೊದಲನೆಯದರಲ್ಲಿ ಒಂದೊಂದು ಕಣ್ಣಿಗೆ ಸುಮಾರು 10 ಲಕ್ಷ ಚುಕ್ಕೆಗಳ ಚಿತ್ರ. ಎರಡನೆಯದರಲ್ಲಿ ಸುಮಾರು 40 ಲಕ್ಷ. ಇಂಥ ಚಿತ್ರವನ್ನು ಸೆಕೆಂಡಿಗೆ 90ರಿಂದ 120 ಸಲ ತೋರಿಸಬೇಕು. ಹಳೆಯ ಮೆಷಿನ್‌ಗೆ ಅಷ್ಟು ಶಕ್ತಿಯಿಲ್ಲ. ತಲೆಯ ಚಲನೆಯನ್ನು ಗುರುತಿಸುವ ವಿಧಾನವೂ ಬದಲಾಗಿದೆ. ಮೊದಲು ಹೊರಗಿನ ಕ್ಯಾಮರಾ ನೋಡುತ್ತಿತ್ತು, ಈಗ ಹೆಡ್‌ಸೆಟ್ಟಿನಲ್ಲೇ ಕ್ಯಾಮರಾಗಳಿವೆ. ಹೀಗಾಗಿ ಮೊದಲ ವಿ.ಆರ್.ಗಾಗಿ ಮಾಡಿದ ಆಟಗಳು ಇದ್ದ ಹಾಗೆಯೇ ಎರಡನೆಯದರಲ್ಲಿ ನಡೆಯುವುದಿಲ್ಲ.

ಯಾರೋ ಹಸು ದಾನ ಕೊಟ್ಟರೆಂದು ಸಂತೋಷಪಡುತ್ತೇವೆ. ಹುಲ್ಲು, ಕೊಟ್ಟಿಗೆ ನಮ್ಮದೇ ತಾನೇ? ಮಾವನ ಉಡುಗೊರೆ ಪುಕ್ಕಟೆ. ಆದರೆ ಮೆಷಿನ್, ಆಟಗಳು ಎಲ್ಲವೂ ಮನೆಯ ಖರ್ಚಿಗೆ ಸೇರುತ್ತವೆ. ಆ ತಾಯಿ ಚೀಟಿ ಕಟ್ಟಿ ಕೂಡಿಟ್ಟ ಹಣದಲ್ಲಿ ಮಗಳ ಕಾಲೇಜು ಫೀಸೂ ಇದೆ.

"ಮಗನಿಗೆ ಎಷ್ಟು ವರ್ಷ?" ಎಂದು ಕೇಳಿದೆ. ಹನ್ನೊಂದು ಎಂದರು. 12 ವರ್ಷಕ್ಕಿಂತ ಚಿಕ್ಕ ಮಕ್ಕಳು ಇದನ್ನು ಬಳಸಬಾರದೆಂದು ತಯಾರಿಸಿದ ಕಂಪೆನಿಯೇ ಹೇಳುತ್ತದೆ. ದೊಡ್ಡವರಿಗೂ ಕೆಲವೊಮ್ಮೆ ತಲೆ ಸುತ್ತು, ವಾಕರಿಕೆ ಬರುವುದುಂಟು. ಓಡುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ನಿಂತಿದ್ದೇನೆ ಎಂದು ಒಳಗಿವಿ ಹೇಳುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಪುಸ್ತಕ ಓದಿದಾಗಲೂ ಇಂಥದೇ ಗೊಂದಲ.

ಸಹೋದರಿಯರೇ, ಇಂಥ ವಸ್ತು ಮನೆಗೆ ಬರುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ನಮ್ಮಲ್ಲಿರುವ ಮೆಷಿನ್‌ಗೆ ಇದು ಹೊಂದುತ್ತದೆಯೇ? ಇದರ ಜೊತೆಗೆ ಇನ್ನೇನು ಕೊಳ್ಳಬೇಕು? ಮಗುವಿನ ವಯಸ್ಸಿಗೆ ಸರಿಯೇ? ವಿದೇಶದಲ್ಲಿರುವ ಅಣ್ಣ ತಮ್ಮಂದಿರಿಗೂ ಇದನ್ನು ಮೊದಲೇ ತಿಳಿಸಿದರೆ ಅವರ ದುಡಿಮೆಯ ಹಣವೂ ಉಳಿಯುತ್ತದೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಹೆಡ್‌ಸೆಟ್ ಸದ್ಯಕ್ಕೆ ಬೇಡವೆಂದು ತಮ್ಮನಿಗೆ ಫೋನ್ ಮಾಡಿ. ಆದರೆ ಅದಕ್ಕಿಂತ ಮುಂಚೆ ಮಗನನ್ನು ಹತ್ತಿರ ಕೂರಿಸಿಕೊಂಡು, 'ನೀನು ಹೇಳಿದ್ದು ನಿಜ, ನನಗೆ ಗೊತ್ತಿರಲಿಲ್ಲ' ಎನ್ನಿ. ಆಮೇಲೆ ಮನೆಯ ಲೆಕ್ಕವನ್ನೂ ಅವನ ಮುಂದಿಡಿ."

ಬೇಡ ಎನ್ನುವುದು ಕೆಲವೊಮ್ಮೆ ಅನಿವಾರ್ಯ. ನಿಜ ಹೇಳಿದ ಮಗುವನ್ನು ಸುಳ್ಳುಗಾರನೆನ್ನುವುದು ಅನಿವಾರ್ಯವಲ್ಲ.